ಸದರಿ ಗೋಡೆಯ ಹೇಳಿಕೆ

ಮಾರಾಟಕ್ಕಿರುವ ಕಟ್ಟಡದ ಅಡಿಪಾಯ, ಗೋಡೆ, ಮಾಡು, ಮರಮುಟ್ಟು ಮತ್ತು ನೀರಿನ ಹರಿವನ್ನು ಬಲ್ಲವರಿಂದ ಖರೀದಿಗೆ ಮೊದಲೇ ಪರೀಕ್ಷೆ ಮಾಡಿಸಿ, ಕಂಡ ದೋಷಗಳನ್ನು ಬರಹದಲ್ಲಿ ಪಡೆಯುವ ಕ್ರಮಕ್ಕೆ ಮನೆ ತಪಾಸಣೆ ಎಂದು ಹೆಸರು. ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ದುಂಡಸಿಯಂತಹ, ಮಲೆನಾಡಿನ ಸೆರಗಿಗೆ ತಾಗಿದ ಊರುಗಳಲ್ಲಿ ಮಣ್ಣುಗೋಡೆಯ ಹಂಚಿನ ಮನೆಗಳು ಇಂದಿಗೂ ಕೈಬದಲಾಗುತ್ತಿದ್ದರೂ ಈ ಕ್ರಮ ರೂಢಿಗೆ ಬಂದಿಲ್ಲವಾದ್ದರಿಂದ, ಪರೀಕ್ಷೆಗೆ ಒಳಗಾಗಬೇಕಾದ ಪಕ್ಷವನ್ನೇ ಮಾತನಾಡಿಸುವುದು ಲೇಸೆಂದು ತೋರಿ, ಅಲ್ಲಿನ ಕಾಲ್ಪನಿಕ ಮನೆಯೊಂದರ ಉತ್ತರ ದಿಕ್ಕಿನ ಗೋಡೆಯನ್ನು ಸಂದರ್ಶಿಸಲಾಯಿತು. ಮೂರು ತಲೆಮಾರಿನ ಖರೀದಿಪತ್ರಗಳನ್ನು ತನ್ನ ಗೂಡಿನಲ್ಲಿ ಇಟ್ಟುಕೊಂಡು ಕಾಪಾಡಿದ ಈ ಗೋಡೆಗೆ ದಸ್ತಾವೇಜಿನ ಭಾಷೆ ಅಂಟಿಕೊಂಡಿದ್ದು, ಅದು ತನ್ನನ್ನು ಉತ್ತಮ ಪುರುಷದಲ್ಲಿ ಕರೆದುಕೊಳ್ಳುವುದಿಲ್ಲ.

ಸಂದರ್ಶಕ: ಮನೆ ನೋಡಲು ಬಂದವರು ಮೊದಲು ಪರೀಕ್ಷಿಸುವುದು ಏನನ್ನು?

ಗೋಡೆ: ದಿಕ್ಕನ್ನು. ಪಡಸಾಲೆಯ ನಡುವೆ ನಿಂತು ಮೊಬೈಲಿನಲ್ಲಿ ದಿಕ್ಸೂಚಿ ತೆರೆದು, ಈಶಾನ್ಯದಲ್ಲಿ ಬಚ್ಚಲಿಲ್ಲವೆಂದು ಖಾತ್ರಿಯಾದ ಮೇಲೆ, ಸದರಿ ಗೋಡೆಗೆ ಬೆನ್ನು ಕೊಟ್ಟು ಕುಳಿತು ಚಹಾ ಕುಡಿಯುತ್ತಾರೆ. ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ, ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುವ ಜನವೇ, ಎತ್ತಿಗಿಂತ ಹತ್ತಾರು ಪಟ್ಟು ಬೆಲೆಯ ಮನೆಯನ್ನು ಒಂದು ಬಾರಿ ತಟ್ಟಿಯೂ ನೋಡದೆ ಒಪ್ಪಿಬಿಡುವುದು ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಸಂದರ್ಶಕ: ವಾಸ್ತುವನ್ನು ನೋಡುವುದೂ ಒಂದು ಬಗೆಯ ತಪಾಸಣೆಯೆಂದು ವಾದಿಸಬಹುದಲ್ಲವೆ?

ಗೋಡೆ: ಹಿಂದೆ ಹಾಗೆ ಇತ್ತು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ, ಮನೆ ಕಟ್ಟುವ ನೆಲದಲ್ಲಿ ಒಂದು ಮೊಳ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಿ, ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಅಧಮವೆಂದು ತಿಳಿಯಬೇಕೆಂದು ವಿಧಿಸುತ್ತದೆ; ಅದೇ ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿದಾಗ ನೀರು ಇಳಿಯದಿದ್ದರೆ ಲೇಸೆಂದೂ ಹೇಳುತ್ತದೆ. ಇಂದಿನ ಎಂಜಿನಿಯರರು ಮಣ್ಣಿನ ಸಾಂದ್ರತೆ ಮತ್ತು ಇಂಗುವಿಕೆ ಎಂದು ಅಳೆಯುವುದು ಸುಮಾರಾಗಿ ಇವನ್ನೇ. ವಾಸ್ತುವಿನ ಹೆಸರು ಹೇಳುವವರು ಆ ಗುಂಡಿಯನ್ನು ಮುಚ್ಚಿ ದಿಕ್ಕನ್ನು ಮಾತ್ರ ಉಳಿಸಿಕೊಂಡರು. ಗುಂಡಿ ತೋಡಲು ಬೆನ್ನು ಬಗ್ಗಬೇಕಾಗುತ್ತದೆ ಎಂಬುದನ್ನು ಬಿಟ್ಟರೆ ಸದರಿ ಗೋಡೆಗೆ ಬೇರೆ ಕಾರಣ ಹೊಳೆಯುವುದಿಲ್ಲ.

ಸಂದರ್ಶಕ: ಕಾಗದಪತ್ರಗಳ ಪರಿಶೀಲನೆಯಾದರೂ ಕಟ್ಟುನಿಟ್ಟಾಗಿ ನಡೆಯುತ್ತದೆಯೆ?

ಗೋಡೆ: ಅತ್ಯಂತ ಕಟ್ಟುನಿಟ್ಟಾಗಿ, ಮತ್ತು ಅದು ಅಗತ್ಯವೂ ಹೌದು. ಪಂಚಾಯಿತಿಯ ಉತಾರ, ಅಂದರೆ ಆಸ್ತಿ ದಾಖಲೆಯ ನಕಲು, ಬೇಕು. ಈ-ಸ್ವತ್ತು ತಂತ್ರಾಂಶದಿಂದ ನಮೂನೆ 9 ಮತ್ತು 11, ಅಂದರೆ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಯ ಅಳತೆ ಮತ್ತು ಮಾಲೀಕತ್ವವನ್ನು ತೋರಿಸುವ ಪತ್ರಗಳು ಬೇಕು. ಆಸ್ತಿಯ ಮೇಲೆ ನೋಂದಣಿಯಾದ ಸಾಲ ಮತ್ತು ವ್ಯವಹಾರಗಳನ್ನು ತಿಳಿಸುವ ಋಣಭಾರ ಪ್ರಮಾಣಪತ್ರ ಬೇಕು. ಕೊನೆಗೆ ಖರೀದಿಪತ್ರದಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳ ವಿವರ, ಬರೆಯಲ್ಪಡುತ್ತದೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ದಕ್ಷಿಣಕ್ಕೆ ಬಯಲು, ಉತ್ತರಕ್ಕೆ ಪಕ್ಕದವರ ಹಿತ್ತಲು. ಮನೆಯ ಸುತ್ತ ಏನೇನಿದೆಯೆಂಬುದನ್ನು ಇಷ್ಟು ಮುತುವರ್ಜಿಯಿಂದ ದಾಖಲಿಸುವ ಆ ಪತ್ರ, ನಡುವೆ ಇರುವುದು ಯಾವ ಸ್ಥಿತಿಯಲ್ಲಿದೆ ಎಂಬುದರ ಬಗ್ಗೆ ಒಂದಕ್ಷರವನ್ನೂ ಬರೆಯುವುದಿಲ್ಲ. ಬ್ಯಾಂಕಿನ ಸಾಲವಿದ್ದರೆ ಮೌಲ್ಯಮಾಪಕರೊಬ್ಬರು ಬರುತ್ತಾರೆ. ಅವರ ವರದಿಯಲ್ಲಿ ಕಟ್ಟಡದ ಉಳಿದ ಆಯುಷ್ಯ ಎಂಬ ಕಲಮು ಇದೆ. ಅಂಗಳದಲ್ಲಿ ನಿಂತೇ ಆಯುಷ್ಯ ಹೇಳುವ ಈ ವಿದ್ಯೆ ಹಿಂದೆ ಜ್ಯೋತಿಷಿಗಳಿಗೆ ಮಾತ್ರ ಸಿದ್ಧಿಸಿತ್ತು.

ಸಂದರ್ಶಕ: ದೋಷವನ್ನು ಮುಚ್ಚಿಟ್ಟು ಮಾರುವವನ ವಿಷಯದಲ್ಲಿ ಕಾನೂನು ಏನೆನ್ನುತ್ತದೆ?

ಗೋಡೆ: 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಸಿಗದ ಮಹತ್ವದ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕೆನ್ನುತ್ತದೆ, ತಿಳಿಸದಿರುವುದನ್ನು ವಂಚನೆಯೆಂದೇ ಪರಿಗಣಿಸುತ್ತದೆ. ಕಣ್ಣಿಗೆ ಕಾಣುವ ದೋಷದ ಹೊಣೆ ಮಾತ್ರ ಕೊಳ್ಳುವವನದೇ. ಈ ಎರಡರ ನಡುವಿನ ಗಡಿಯನ್ನು ಊರಿನಲ್ಲಿ ಎರಡು ಡಬ್ಬಿ ಡಿಸ್ಟೆಂಪರಿನಿಂದ ಗುರುತಿಸಲಾಗುತ್ತದೆ. ಸದರಿ ಗೋಡೆಗೆ ಕಳೆದ ತಿಂಗಳು ಬಳಿದದ್ದು ಪಿಸ್ತಾ ಹಸಿರು. ಇನ್ನು ನಿರ್ಮಾಣದ ದೋಷಕ್ಕೆ ಐದು ವರ್ಷ ಹೊಣೆ ಹೊರಿಸುವ 2016ರ ರೇರಾ ಕಾಯಿದೆಯ ಮಾತು ಎತ್ತುವುದು ಬೇಡ. ಅದು ಕಟ್ಟಿ ಮಾರುವ ಪ್ರವರ್ತಕರಿಗೆ ಸಂಬಂಧಿಸಿದ್ದೇ ಹೊರತು ಅಜ್ಜನ ಮನೆಯನ್ನು ಮಾರುವ ಮೊಮ್ಮಗನಿಗಲ್ಲ.

ಸಂದರ್ಶಕ: ಬಲ್ಲವರೊಬ್ಬರು ನಿಜಕ್ಕೂ ಪರೀಕ್ಷೆಗೆ ಬಂದರೆ ಅವರು ಎಲ್ಲಿಂದ ತೊಡಗಬೇಕು?

ಗೋಡೆ: ಕ್ಯಾಲೆಂಡರಿನಿಂದ. ಮನೆ ನೋಡುವ ಕಾಲ ಸುಗ್ಗಿ ಮುಗಿದು ಕೈಯಲ್ಲಿ ದುಡ್ಡು ಆಡುವ ಬೇಸಿಗೆ; ಆಗ ಎಲ್ಲ ಮಣ್ಣುಗೋಡೆಗಳೂ ಒಣಗಿ ಸುಶೀಲವಾಗಿ ನಿಂತಿರುತ್ತವೆ. ಮಿರುಗನ ಮಳೆ ಹಿಡಿದ ಮೇಲೆ ಬಂದವನಿಗೆ ಮಾತ್ರ ಹಂಚು ಎಲ್ಲಿ ಸೋರುತ್ತದೆ, ಸೂರಿನ ನೀರು ಬುನಾದಿಗೆ ಬೀಳುತ್ತದೆಯೋ ದೂರ ಹರಿಯುತ್ತದೆಯೋ, ನೆಲದ ತೇವ ಗೋಡೆಯಲ್ಲಿ ಎಷ್ಟು ಅಡಿ ಏರುತ್ತದೆ ಎಂಬುದು ತಿಳಿಯುತ್ತದೆ. ಗಾರೆಯಲ್ಲಿ ಮೂಡುವ ಕೂದಲೆಳೆಯ ಬಿರುಕುಗಳಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಮೇಲೆ ಹೋದಂತೆ ಅಗಲವಾಗುವ ಬಿರುಕು ಅಡಿಪಾಯ ಕುಸಿಯುತ್ತಿರುವುದರ ಸೂಚನೆಯಾಗಿರಬಹುದು, ಅದರಲ್ಲಿಯೂ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಎರೆನೆಲದ ಮೇಲೆ ಕಟ್ಟಿದ ಮನೆಗಳಲ್ಲಿ. ಬಿರುಕಿಗೆ ಅಡ್ಡಲಾಗಿ ಗಾಜಿನ ತೆಳು ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿ ತಾರೀಖು ಬರೆದಿಟ್ಟರೆ, ಗಾಜು ಒಡೆದ ದಿನ ಗೋಡೆ ಇನ್ನೂ ಚಲಿಸುತ್ತಿದೆಯೆಂದು ತಿಳಿಯಬಹುದು. ಜಂತಿ ತೊಲೆಗಳನ್ನು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ದಬ್ಬಳದಿಂದ, ಅಂದರೆ ಗೋಣಿಚೀಲ ಹೊಲಿಯುವ ದೊಡ್ಡ ಸೂಜಿಯಿಂದ, ಚುಚ್ಚಿ ನೋಡಬೇಕು. ಅದು ಬೆಣ್ಣೆಗೆ ಹೋದಂತೆ ಹೋದರೆ ಒಳಗೆ ಒರಲಿ ಹುಳುವಿನ ಸಂಸಾರ ನಡೆದಿದೆ. ಸದರಿ ಮನೆಯನ್ನು ಮೂಲೆಮೂಲೆಯೂ ಬಿಡದೆ ತಪಾಸಣೆ ಮಾಡಿದ ಏಕೈಕ ಸಂಸ್ಥೆ ಅದೇ. ಹೇಳಲು ಮರೆಯಬಾರದ ಇನ್ನೊಂದು ಸಂಗತಿಯೆಂದರೆ, ಮಣ್ಣುಗೋಡೆ ತಾನು ಹೀರಿದ ತೇವವನ್ನು ಮೈಯಿಂದಲೇ ಆರಿಸಿಕೊಳ್ಳುವ ಸ್ವಭಾವದ್ದು. ಅದಕ್ಕೆ ಸುಣ್ಣವೋ ಸೆಗಣಿ ಮಣ್ಣಿನ ಸಾರಣೆಯೋ ಹೊಂದುತ್ತದೆ. ಗಟ್ಟಿಯಾಗಲೆಂದು ಸಿಮೆಂಟ್ ಗಾರೆ ಬಳಿದರೆ ತೇವ ಒಳಗೇ ಸಿಕ್ಕಿ, ಹೊರಗೆ ಪಕ್ಕಾ ಮನೆಯಾಗಿ ಕಾಣುತ್ತಲೇ ಒಳಗೆ ಮಣ್ಣು ಕೆಸರಾಗುತ್ತದೆ. ಸದರಿ ಗೋಡೆಗೆ ಈ ಸನ್ಮಾನವೂ ಆಗಿದೆ.

ಸಂದರ್ಶಕ: ಹಾಗಾದರೆ ಈ ಊರುಗಳಿಗೆ ತಪಾಸಣೆ ಎಂಬುದೇ ಬಂದಿಲ್ಲವೆ?

ಗೋಡೆ: ಬಂದಿದೆ, ಬಹಳ ವಿಸ್ತಾರವಾಗಿಯೇ ಬಂದಿದೆ, ಬಿದ್ದ ಮೇಲೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆಗೆ ಜಿಲ್ಲೆಯ ನದಿಗಳು ಉಕ್ಕಿ ಮನೆಗಳು ಕುಸಿದಾಗ, ಕಂದಾಯ ಇಲಾಖೆಯವರೂ ಪಂಚಾಯಿತಿಯವರೂ ಎಂಜಿನಿಯರರೂ ಟೇಪು ಹಿಡಿದು ಬಂದು, ಶೇಕಡಾ 75ಕ್ಕಿಂತ ಹೆಚ್ಚು ಹಾನಿಯಾದ ಮನೆಯನ್ನು ‘ಎ’ ಎಂದೂ, 25ರಿಂದ 75ರವರೆಗಿನದನ್ನು ‘ಬಿ’ ಎಂದೂ, 15ರಿಂದ 25ರವರೆಗಿನದನ್ನು ‘ಸಿ’ ಎಂದೂ ವರ್ಗೀಕರಿಸಿದರು. ‘ಎ’ ವರ್ಗಕ್ಕೆ ಐದು ಲಕ್ಷ ರೂಪಾಯಿ, ‘ಸಿ’ ವರ್ಗಕ್ಕೆ ಐವತ್ತು ಸಾವಿರ ಪರಿಹಾರ. ಇದಕ್ಕೆ ಬದಲಾಗಿ ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರ್ 1ರಿಂದ, ಬಹುಪಾಲು ಮನೆಗಳನ್ನು ಮಾರಾಟಕ್ಕೆ ಇಡುವ ಮೊದಲೇ ಮಾರುವವನು ಅರ್ಹ ಸರ್ವೇಯರನ ವರದಿ ಮಾಡಿಸಿಡಬೇಕಾಗಿದ್ದು, ಅದರಲ್ಲಿ ಕಟ್ಟಡದ ಒಂದೊಂದು ಭಾಗಕ್ಕೂ ಒಂದು, ಎರಡು, ಮೂರು ಎಂಬ ಅಂಕೆಗಳನ್ನು ಕೊಡುತ್ತಾರೆ. ಮೂರು ಎಂದರೆ ದುರಸ್ತಿ ತುರ್ತಾಗಿ ಆಗಬೇಕು. ಅಲ್ಲಿ ನಿಂತ ಗೋಡೆಗೆ ಅಂಕೆ, ಇಲ್ಲಿ ಬಿದ್ದ ಗೋಡೆಗೆ ಅಕ್ಷರ. ಹದಿನೈದಕ್ಕಿಂತ ಕಡಿಮೆ ಬಿರಿದ ಗೋಡೆಗೆ ಆ ಅಕ್ಷರವೂ ಇಲ್ಲ. ಸದರಿ ಗೋಡೆ ಆ ವರ್ಷ ಹದಿನಾಲ್ಕರಲ್ಲಿ ನಿಂತುಬಿಟ್ಟಿತು, ಮತ್ತು ಯಜಮಾನರು ಅದನ್ನು ಇಂದಿಗೂ ಕ್ಷಮಿಸಿಲ್ಲ.

ಸಂದರ್ಶಕ: ಕೊಳ್ಳುವವರಿಗೆ ತಿಳಿಯಬೇಕಾದುದನ್ನು ಗೋಡೆಯೇ ಪತ್ರದಲ್ಲಿ ಬರೆಯಿಸಬಹುದಲ್ಲವೆ?

ಗೋಡೆ: ಆ ಪ್ರಯತ್ನವೂ ಆಗಿದೆ. ಬಾಂಡ್ ಬರೆಯುವವರನ್ನು ಕೇಳಿದಾಗ, ಸ್ವತ್ತು ಎಲ್ಲ ತಂಟೆ ತಕರಾರುಗಳಿಂದ ಮುಕ್ತವಾಗಿದೆಯೆಂಬ ವಾಕ್ಯ ಕಂಪ್ಯೂಟರಿನಲ್ಲಿ ಮೊದಲೇ ಇರುವುದರಿಂದ, ಅದರ ಪಕ್ಕದಲ್ಲಿ ತೇವ, ಬಿರುಕು, ಒರಲಿ ಎಂದು ಸೇರಿಸಿದರೆ ದಸ್ತಾವೇಜು ಗೊಂದಲವಾಗುತ್ತದೆ, ತಿದ್ದುಪಡಿಗೆ ಅವಕಾಶವಿರುವುದು ಚಕ್ಕುಬಂದಿಯಲ್ಲಿ ಮಾತ್ರ ಎಂದರು. ಆದ್ದರಿಂದ ಅಲ್ಲಿಯೇ ಸೇರಿಸಲು ಸದರಿ ಗೋಡೆ ಅರ್ಜಿ ಕೊಟ್ಟಿದೆ: ಉತ್ತರಕ್ಕೆ, ಬೇಸಿಗೆಯಲ್ಲಿ ಪಕ್ಕದವರ ಹಿತ್ತಲು, ಮಳೆಗಾಲದಲ್ಲಿ ಸದರಿ ಹಿತ್ತಲಿನಲ್ಲಿ ಸದರಿ ಗೋಡೆ.