ಓಡದ ಗಾಡಿಗಳ ಒಡೆಯ

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿಗೆ ಬಂದವರೆಲ್ಲ ನಿಜಾಮರ ಕಾಲದ, 1916ರ ಆ ಗುಮ್ಮಟಗಳನ್ನು ತಲೆಯೆತ್ತಿ ನೋಡಿದರೆ ನಮ್ಮ ರಾಯರ ಕಣ್ಣು ಕೆಳಗೆ, ಗಾಡಿ ಸ್ಟ್ಯಾಂಡಿನ ಮೂಲೆಗೆ. ವಾರಸುದಾರರಿಲ್ಲದೆ ಧೂಳು ತಿನ್ನುವ ಹರ್ಕ್ಯುಲಿಸ್ ಸೈಕಲ್ಲೊಂದು ಕಂಡರೆ ಸಾಕು, ಬೆಂಗಳೂರು ರೈಲು ತಪ್ಪಿದರೂ ಚಿಂತೆಯಿಲ್ಲ.

ಅವರ ಮನೆಯಲ್ಲಿ ಮೆಟ್ಟಿಲ ಕೆಳಗೆ ರ್‍ಯಾಲಿ ಸೈಕಲ್ಲು, ಹಿತ್ತಲಲ್ಲಿ ರಾಜದೂತು, ಪಡಸಾಲೆಯಲ್ಲಿ ಸೋಫಾ ಇರಬೇಕಾದಲ್ಲಿ ಯೆಜ್ಡಿ. ಬಂದವರು ನಿಂತೇ ಚಹಾ ಕುಡಿಯಬೇಕು. "ಓಡ್ತದೇನ್ರಿ?" ಎಂದು ಮಾತ್ರ ಕೇಳಬಾರದು, ರಾಯರಿಗೆ ಅದು ಹಿರಿಯರ ವಯಸ್ಸು ಕೇಳಿದಷ್ಟೇ ಅಸಭ್ಯ. ತುಕ್ಕು ಉಜ್ಜುವಂತಿಲ್ಲ, ಅದು ಓರಿಜಿನಲ್. ಚಪ್ಪಟೆಯಾದ ಟೈರಿಗೆ ಗಾಳಿ ಹೊಡೆಸೋಣವೆಂದರೆ, "ಬ್ಯಾಡ್ರಿ, ಒಳಗ ಇನ್ನೂ ಸ್ವಲ್ಪ ಮೈಸೂರು ಗಾಳಿ ಅದ" ಎನ್ನುತ್ತಾರೆ. ಯೆಜ್ಡಿ ಬೈಕು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ್ದನ್ನು ಸ್ವಂತ ಸೋದರಮಾವ ತೀರಿಕೊಂಡಂತೆ ಹೇಳುತ್ತಾರೆ. ಯೆಜ್ಡಿ ಸಾಕುವುದು ಅವರ ಪ್ರಕಾರ ಹೊರನಾಡಿನ ಕನ್ನಡ ಸೇವೆ. ಆದರೆ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಅವರು ಬರುವುದು ಆಟೋದಲ್ಲಿ.

ಅವರ ಹೆಂಡತಿ ಹ್ಯಾಂಡಲ್ಲುಗಳ ಮೇಲೆ ಒದ್ದೆ ಸೀರೆ ಹರವುತ್ತಾರೆ. ಆ ಸಂಗ್ರಹದಿಂದ ಏನಾದರೂ ಉಪಯೋಗ ಪಡೆದವರಿದ್ದರೆ ಆ ತಾಯಿ ಒಬ್ಬರೇ.

ಬಳಗದಲ್ಲಿ ಯಾರಾದರೂ ಹಿರಿಯರು ಹಾಸಿಗೆ ಹಿಡಿದರೆ ಎಳನೀರು ಹಿಡಿದು ಮೊದಲು ಓಡುವವರೂ ರಾಯರೇ. ಬಿಪಿ, ಶುಗರ್ ಎಲ್ಲ ವಿಚಾರಿಸಿ, ಎದ್ದು ಹೊರಡುವಾಗ ಮೆಲ್ಲಗೆ, "ನಿಮ್ಮ ಆ ಹಳೇ ಗಾಡಿ ಯಾರ ಹೆಸರಿಗೆ ಬರದೀರಿ?" ಇದಕ್ಕೇ ಜನ ಈಗೀಗ ರಾಯರು ಬಂದರೆಂದರೆ ಕಾಯಿಲೆ ಕೈಮೀರಿದೆ ಎಂದೇ ತಿಳಿಯುತ್ತಾರೆ.

ಬರ್ಕತ್‌ಪುರದ ಒಬ್ಬ ಅಜ್ಜ ಮಾತ್ರ ಎಳನೀರು ಕುಡಿದು ಮುಗಿಸಿ ಎದ್ದು ಕೂತರು. "ತಮ್ಮಾ, ಯೆಜ್ಡಿ ಕೆಳಗ ನಿಂತದ. ಚಾಲೂ ಮಾಡಿ ತೋರ್ಸು, ಪುಗಸಟ್ಟೆ ಒಯ್ಯಿ."

ಕೇರಿ ಸೇರಿತು. ರಾಯರು ಗಾಡಿಗೆ ಎರಡು ಸುತ್ತು ಬಂದರು. ಬಲಗಡೆ ಕಿಕ್ಕರ್ ಹುಡುಕಿದರು, ಇಲ್ಲ. ಎಡಗಡೆ ಇದ್ದದ್ದು ಗೇರು ಒಂದೇ. ಅಜ್ಜ ಕೋಲು ಊರಿಕೊಂಡು ಇಳಿದು ಬಂದು, ಆ ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಒಂದು ಒದೆ ಕೊಟ್ಟರು. ಟೂ ಸ್ಟ್ರೋಕ್ ಎಂಜಿನ್ನಿನ ಹೊಗೆ ಓಣಿ ತುಂಬಿತು.

ಕೆಮ್ಮುತ್ತಲೇ ರಾಯರು ಜನರ ಕಡೆ ತಿರುಗಿ, ಗೇರೂ ಕಿಕ್ಕರೂ ಒಂದೇ ಲಿವರಿನಲ್ಲಿರುವ ಜಾವಾ ತಂತ್ರದ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟರು.