ಮೀಟರ್ ಸ್ಥಾನಪಲ್ಲಟ ಮೀಮಾಂಸೆ

ವಿಷಯ ನಿರೂಪಣೆ

ಹಳೆಯ ಮನೆಯನ್ನು ಹೊಸದು ಮಾಡಲು ಹೊರಟ ಗೃಹಸ್ಥನು ದೇವರಕೋಣೆಯನ್ನು ಅಡುಗೆಮನೆಯ ಮಗ್ಗುಲಿಗೆ ತರಬಲ್ಲನು, ಬಚ್ಚಲನ್ನು ಮಹಡಿಗೇರಿಸಬಲ್ಲನು, ಅಜ್ಜನ ಪಟವನ್ನು ನಡುಮನೆಯಿಂದ ಅಟ್ಟಕ್ಕೆ ಅಟ್ಟಬಲ್ಲನು. ಆದರೆ ಜಗುಲಿಯ ಗೋಡೆಯಲ್ಲಿ ಕೂತ ವಿದ್ಯುತ್ ಮೀಟರನ್ನು ಒಂದು ಗೇಣು ಸರಿಸಲಾರನು. ಮನೆಯ ಯಜಮಾನ ಯಾರೆಂಬ ಪುರಾತನ ವಿವಾದಕ್ಕೆ ಇಲ್ಲಿಯೇ ತೀರ್ಮಾನವಿದೆ. ಜಗುಲಿಯಿಂದ ಕಾಂಪೌಂಡಿನವರೆಗೆ, ಅಂದರೆ ಸುಮಾರು 20 ಅಡಿ ದೂರ, ಮೀಟರು ಕೈಗೊಳ್ಳುವ ಮಹಾಪ್ರಸ್ಥಾನವೇ ಪ್ರಸ್ತುತ ಪ್ರಬಂಧದ ವಿಷಯ.

ಇತಿಹಾಸ

ನಮ್ಮ ನಾಡಿನ ವಿದ್ಯುತ್ತಿಗೆ ದೂರಪ್ರಯಾಣ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿ, 140ಕ್ಕೂ ಹೆಚ್ಚು ಕಿಲೋಮೀಟರ್ ತಂತಿಯ ಮೇಲೆ ನಡೆದು ಅದು ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು 20 ಅಡಿಗೆ ಹಿಡಿಯುವ ಕಾಲದಿಂದ ಆ ದೂರವನ್ನು ಗುಣಿಸಿದರೆ, ಗಣಿಯಲ್ಲಿ ಇನ್ನೂ ದೀಪ ಹೊತ್ತಿರಬಾರದು. ಗಣಿ ಕಾಯಲಾರದೆ 2001ರಲ್ಲೇ ಮುಚ್ಚಿತು ಎಂಬ ವಾದವನ್ನು ಇತಿಹಾಸಕಾರರು ಒಪ್ಪಿಲ್ಲ.

ಪೂರ್ವಪಕ್ಷಗಳು

ಮೊದಲನೆಯದು ವಾಸ್ತುವಾದ. ವಿದ್ಯುತ್ತು ಅಗ್ನಿಯ ಅಂಶ, ಆಗ್ನೇಯವೇ ಅದರ ನೆಲೆ, ಈಶಾನ್ಯದಲ್ಲಿಟ್ಟರೆ ಕೇಡು ಎಂಬುದು ಇವರ ಮತ. ಆಕ್ಷೇಪ: ಬೀದಿಯ ಕಂಬವಿರುವುದು ವಾಯವ್ಯದಲ್ಲಿ. ಕಂಬ ನೆಟ್ಟವರು ಈ ಶಾಸ್ತ್ರ ಓದಿದವರಲ್ಲ. ಆಗ ಸರ್ವಿಸ್ ವೈರು ಮನೆಯ ನೆತ್ತಿಯ ಮೇಲೆ ಅರ್ಧ ಪ್ರದಕ್ಷಿಣೆ ಹಾಕಬೇಕಾಗುತ್ತದೆ. ಪುಣ್ಯ ಬರಬಹುದು, ವೈರಿನ ಖರ್ಚಂತೂ ಬಂದೇ ಬರುತ್ತದೆ.

ಎರಡನೆಯದು ಸೌಂದರ್ಯವಾದ. ಇಂಟೀರಿಯರ್ ಡಿಸೈನರುಗಳು ಪ್ರತಿಪಾದಿಸಿದ ಈ ಮತದ ಪ್ರಕಾರ ಮೀಟರು ಕಣ್ಣಿಗೆ ಬೀಳಕೂಡದು. ಚಪ್ಪಲಿ ಗೂಡಿನ ಹಿಂದೆ ಬೀಟೆ ಮರದ ಬಾಗಿಲೊಳಗೆ ಅಡಗಿರಬೇಕು. ಆಕ್ಷೇಪ: ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ಮೀಟರ್ ನಿಯಮಾವಳಿ, ಓದಲು, ಪರೀಕ್ಷಿಸಲು ಸುಲಭವಾಗಿ ಸಿಗುವ ಜಾಗದಲ್ಲೇ ಅದು ಇರಬೇಕೆನ್ನುತ್ತದೆ. ತಿಂಗಳಿಗೊಮ್ಮೆ ಬರುವ ಮೀಟರ್ ರೀಡರು ಚಪ್ಪಲಿಗಳನ್ನು ಎಣಿಸುವ ಅಗತ್ಯವಿಲ್ಲ.

ಮೂರನೆಯದು ಚಾರ್ವಾಕಮತ. ಇದರ ಆಚಾರ್ಯರು ಮೇಸ್ತ್ರಿ. "ಮೇನ್ ಆಫ್ ಮಾಡಿ ಸಾರ್, ಎರಡು ಸ್ಕ್ರೂ ಬಿಚ್ಚಿದ್ರೆ ಆಯ್ತು" ಎಂಬುದು ಮೂಲಸೂತ್ರ. ಪ್ರತ್ಯಕ್ಷವೊಂದೇ ಪ್ರಮಾಣ, ಸೀಲು ಕೇವಲ ತಂತಿಯ ತುಂಡು. ಇದರ ಖಂಡನೆ ಹೀಗೆ: ಮೇನ್ ಸ್ವಿಚ್ ಇರುವುದು ಮೀಟರಿನ ನಂತರ. ಅದನ್ನು ಆರಿಸಿದರೆ ಆರುವುದು ಮನೆಯೊಳಗಿನ ವಿದ್ಯುತ್ತು ಮಾತ್ರ. ಕಂಬದಿಂದ ಮೀಟರಿಗೆ ಬರುವ ವೈರಿನಲ್ಲಿ 230 ವೋಲ್ಟ್ ಎಚ್ಚರವಾಗಿಯೇ ಇರುತ್ತದೆ. ಮುಟ್ಟಿದವರಿಗೆ ಪ್ರತ್ಯಕ್ಷ ಪ್ರಮಾಣ ತಕ್ಷಣ ದೊರಕುತ್ತದೆ. ಅದನ್ನು ಹೇಳಲು ಅವರು ಉಳಿಯುವ ಖಾತರಿಯಿಲ್ಲ. ಉಳಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 138ನೇ ಸೆಕ್ಷನ್ ಕಾದಿದೆ: ಅನುಮತಿಯಿಲ್ಲದೆ ಮೀಟರು ಬಿಡಿಸಿದವರಿಗೆ 3 ವರ್ಷದವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರಲೋಕವಿಲ್ಲವೆಂದು ಸಾರುವ ಮತವೊಂದು ತನ್ನ ಅನುಯಾಯಿಗಳನ್ನು ನೇರ ಅಲ್ಲಿಗೇ ಕಳಿಸುವುದರಿಂದ ಸ್ವವಿರೋಧ ದೋಷವೂ ಇದಕ್ಕೆ ತಗುಲುತ್ತದೆ.

ಸಿದ್ಧಾಂತ

ಮೀಟರಿನ ಸ್ಥಾನ ನಿರ್ಣಯಿಸುವುದು ದಿಕ್ಕಲ್ಲ, ಕಂಬ. ಕಂಬಕ್ಕೆ ಹತ್ತಿರ, ಗೇಟಿನ ಬಳಿ, ಕಣ್ಣೆತ್ತರದಲ್ಲಿ, ಇರಚಲು ಹೊಡೆಯದ ಕಡೆ ಅದು ಪ್ರತಿಷ್ಠಾಪನೆಗೊಳ್ಳಬೇಕು. ಈ ಕರ್ಮದಲ್ಲಿ ಯಾರ ಪಾಲು ಏನೆಂಬುದೂ ವಿಹಿತವಾಗಿದೆ. ವಿದ್ಯುತ್ ಸಂಪರ್ಕದ ಆರ್.ಆರ್. ನಂಬರು ಬರೆದ ಅರ್ಜಿ, ಬಾಕಿಯಿಲ್ಲದ ಬಿಲ್ಲು ಗೃಹಸ್ಥನದು. ವೈರಿಂಗು ಲೈಸೆನ್ಸಿರುವ ಕಂಟ್ರಾಕ್ಟರದು. ಸೀಲು ಒಡೆಯುವುದು, ಮತ್ತೆ ಹಾಕುವುದು ವಿದ್ಯುತ್ ಸರಬರಾಜು ಕಂಪನಿಯಾದ ಎಸ್ಕಾಂನವರದು.

ಇನ್ನೊಂದು ವಿಚಾರ. ಮೀಟರು ಒಂಟಿಯಾಗಿ ಹೊರಡುವುದಿಲ್ಲ. ಸರ್ವಿಸ್ ವೈರು, ಒಳಗಿನ ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಹೋಗುವ ಮೇನ್ ವೈರು, ಅರ್ಥ್ ವೈರು, ಎಲ್ಲವೂ ದಿಬ್ಬಣದಲ್ಲಿವೆ. ಸಾಲದ ವೈರಿಗೆ ತುಂಡು ಸೇರಿಸಿ ಟೇಪು ಸುತ್ತುವುದು ಅಶಾಸ್ತ್ರೀಯ. ಸಡಿಲವಾದ ಜೋಡಣೆ ಬಿಸಿಯೇರಿ ಕರಗುತ್ತದೆ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಸುರಿದು ನೀರೆರೆಯುವುದನ್ನು ಕಂಡು ಮನೆಯ ಅಜ್ಜಿ ಅರಿಶಿನ ಕುಂಕುಮ ತಂದರೆ ತಡೆಯಬಾರದು. ವಿದ್ಯುತ್ತಿಗೆ ಅದರಿಂದ ಬಾಧೆಯಿಲ್ಲ.

ಬಾಧೆಯಿರುವುದು ಕ್ರಮಭಂಗದಿಂದ. ಶುಭಮುಹೂರ್ತ ಮೀರೀತೆಂದು ಗೋಡೆ ಮೊದಲು ಕೆಡವಿ, ಅರ್ಜಿಯನ್ನು ಆಮೇಲೆ ಹಾಕುವುದೇ ಲೋಕರೂಢಿ. ಆಗ ಮೀಟರು ಸರ್ವೆ ಮರಕ್ಕೆ ಹಗ್ಗದಲ್ಲಿ ಬಿಗಿಸಿಕೊಂಡು, ಗೋಣಿಚೀಲ ಹೊದ್ದು, ತ್ರಿಶಂಕು ಸ್ವರ್ಗ ಅನುಭವಿಸುತ್ತದೆ. ಮಳೆ ಬಂದರೆ ಗೋಣಿಯೂ ವಿದ್ಯುದ್ವಾಹಕವೇ.

ಫಲಶ್ರುತಿ

ಈ ಮೀಮಾಂಸೆಯನ್ನು ಗೋಡೆ ಒಡೆಯುವ ಮುನ್ನ ಓದಿದವರ ಮೀಟರು ಸುಖವಾಗಿ ಸರಿಯುತ್ತದೆ. ಒಡೆದ ಮೇಲೆ ಓದಿದವರಿಗೆ ಬೆಳದಿಂಗಳ ಊಟ ಲಭಿಸುತ್ತದೆ. ಓದದೆ ತಾವೇ ಸ್ಕ್ರೂ ಬಿಚ್ಚಿದವರ ಬಗ್ಗೆ ಶಾಸ್ತ್ರ ಸುಮ್ಮನಿದೆ, ಕಾಯ್ದೆ ಸುಮ್ಮನಿಲ್ಲ. ಆದಕಾರಣ ಓದುಗರೇ, ಮೊದಲು ಅರ್ಜಿ, ಆಮೇಲೆ ಸುತ್ತಿಗೆ.