ಸಂಸ್ಕೃತಿ ಬಲ್ಲವರ ಸರ್ಟಿಫಿಕೇಟು

ನಮ್ಮ ಕೊಪ್ಪಳ ಜಿಲ್ಲೆಯ ಅಳವಂಡಿಯ ಹುಡುಗ ಡಿಗ್ರಿ ಮುಗಿಸಿ ಬೆಂಗಳೂರಿನ ಕಂಪನಿ ಸೇರಿದರೆ ಅಲ್ಲೊಂದು ತರಬೇತಿ ಕಾದಿರುತ್ತದೆ. ಅದರ ಹೆಸರು ‘ಸಾಂಸ್ಕೃತಿಕ ಬುದ್ಧಿಮತ್ತೆ’. 2003ರಲ್ಲಿ ಅರ್ಲಿ ಮತ್ತು ಆಂಗ್ ಎಂಬ ವಿದ್ವಾಂಸರು ಇದರ ಮೇಲೆ ಪುಸ್ತಕ ಬರೆದ ಮೇಲೆ ಬುದ್ಧಿಗೆ ಐಕ್ಯೂ ಇದ್ದ ಹಾಗೆ ಇದಕ್ಕೊಂದು ಸಿಕ್ಯೂ ಅಂತ ಅಳತೆಯೂ ಬಂತು. ಜಪಾನಿನವರು ಕಾರ್ಡು ಕೊಟ್ಟರೆ ಎರಡೂ ಕೈಯಲ್ಲಿ ತಗೊಳ್ಳಬೇಕು, ಜರ್ಮನಿಯವರ ಮೀಟಿಂಗಿಗೆ ತಡ ಮಾಡಬಾರದು ಎಂದೆಲ್ಲ ಹೇಳಿಕೊಡುತ್ತಾರೆ. ಹುಡುಗ ಎದ್ದು ನಿಂತು ‘ಹೌದ್ರಿ ಸರ’ ಅಂದರೆ ಮಾತ್ರ ಕ್ಲಾಸಿಗೆ ಕ್ಲಾಸೇ ನಗುತ್ತದೆ. ಪರಸಂಸ್ಕೃತಿಯನ್ನು ಗೌರವಿಸಲು ಕಲಿಸುವ ಗುರುಗಳೂ ಜೊತೆಗೆ ನಗುತ್ತಾರೆ.

ಈ ಗುರುಗಳಿಗೆ ಅಳವಂಡಿಯ ಚರಿತ್ರೆ ಗೊತ್ತಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮನ ರಾಜ್ಯದ ಅಂಚಿನ ಊರು. ಆಚೆಯ ಮುಂಡರಗಿ ಮುಂಬಯಿ ಪ್ರಾಂತ್ಯದ್ದು. ಸರ್ಕಾರದ ದಫ್ತರ ಉರ್ದುವಿನಲ್ಲಿ, ಸರ್ಕಾರಕ್ಕೆ ಬೈಗುಳ ಕನ್ನಡದಲ್ಲಿ. ನಿಜಾಮನ ವಿರುದ್ಧ ಹೋರಾಡಿದ ಅಳವಂಡಿ ಶಿವಮೂರ್ತಿಸ್ವಾಮಿ 1952ರಲ್ಲಿ ಯಾವ ಪಕ್ಷದ ಹಂಗೂ ಇಲ್ಲದೆ, ಸಂವಹನದ ಯಾವ ಕೋರ್ಸೂ ಮಾಡದೆ ಗೆದ್ದು ಲೋಕಸಭೆಗೆ ಹೋದರು. ತುಂಗಭದ್ರೆಯ ಕಾಲುವೆ ನೀರು ಹರಿದಮೇಲೆ ಗಂಗಾವತಿ ಕಡೆ ಆಂಧ್ರದವರ ಕ್ಯಾಂಪುಗಳೆದ್ದವು. ಭತ್ತ ನಾಟಿಗೆ ಹೋದ ನಮ್ಮ ಹೆಣ್ಣುಮಕ್ಕಳು ಗದ್ದೆಯ ಕೆಸರಿನಲ್ಲೇ ತೆಲುಗು ಕಲಿತರು. ಗಿಣಿಗೇರಿಯ ಕಾರ್ಖಾನೆಗಳು ಹಿಂದಿ ಕಲಿಸಿದವು. ನಾಲ್ಕು ಭಾಷೆಯಲ್ಲಿ ಚೌಕಾಶಿ ಮಾಡುವ ಈ ಜನಕ್ಕೆ ಸರ್ಟಿಫಿಕೇಟು ಕೊಟ್ಟವರಿಲ್ಲ. ಒಂದೇ ಭಾಷೆ ಬಲ್ಲವರು ಬಂದು ‘ಸಂವಹನ ಕೌಶಲ್ಯ’ ಹೇಳಿಕೊಡುತ್ತಾರೆ.

2025ರ ಮೇ ತಿಂಗಳಲ್ಲಿ ಆನೇಕಲ್ ತಾಲೂಕಿನ ಬ್ಯಾಂಕ್ ಶಾಖೆಯೊಂದರ ಮ್ಯಾನೇಜರ್ ತಾನು ಕನ್ನಡ ಮಾತಾಡುವುದೇ ಇಲ್ಲ ಎಂದು ಗ್ರಾಹಕನ ಮುಂದೆ ಹಟ ಹಿಡಿದರು. ವಿಡಿಯೊ ಊರೆಲ್ಲ ಸುತ್ತಿತು, ವರ್ಗಾವಣೆಯಾಯಿತು. ಬ್ಯಾಂಕ್ ಸಿಬ್ಬಂದಿಗೆ ಭಾಷೆ, ಸಂಸ್ಕೃತಿಯ ತರಬೇತಿ ಕಡ್ಡಾಯವಾಗಲಿ ಎಂದು ಮುಖ್ಯಮಂತ್ರಿಗಳು ಕೇಂದ್ರವನ್ನು ಕೋರಿದರು. ತರಬೇತಿ ಗ್ರಾಹಕನಿಗೆ ಬೇಕೆಂದು ಯಾರೂ ಹೇಳಲಿಲ್ಲವಲ್ಲ, ಅದೇ ದೊಡ್ಡದು.

ಇಲ್ಲಿಯವರೆಗೆ ಓದಿ ಮೀಸೆ ತಿರುವಿದ ನಮ್ಮ ಜಿಲ್ಲೆಯವರು ಈಗ ಕೈ ಇಳಿಸಬಹುದು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳ ಬಾಗಿಲು ದಲಿತರಿಗೆ ಮುಚ್ಚಿತ್ತು. ಆ ತಕರಾರು ಬೆಳೆದು 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತರ ಪುಟ್ಟ ಮಗುವೊಂದು ಗುಡಿಯೊಳಗೆ ಓಡಿಹೋಗಿದ್ದಕ್ಕೆ ಶುದ್ಧಿಯ ಖರ್ಚು ಅಂತ ದಂಡ ಕೇಳಿದರು. ಕ್ಯಾಂಪಿನ ಸಾಹುಕಾರನ ತೆಲುಗು ನಮಗೆ ಒಂದೇ ಸುಗ್ಗಿಯಲ್ಲಿ ಬಂತು. ಕೇರಿಯವನು ನಮ್ಮದೇ ಕನ್ನಡದಲ್ಲಿ ‘ಒಂದು ಕಪ್ ಚಹಾ ಕೊಡ್ರಿ’ ಅಂದದ್ದು ಮಾತ್ರ ಇನ್ನೂ ತಿಳಿದಿಲ್ಲ. ಕಾಸು ಎಲ್ಲಿಂದ ಬರುತ್ತದೋ ಅಲ್ಲಿಯ ಸಂಸ್ಕೃತಿ ಮಾತ್ರ ಅರ್ಥವಾಗುವುದಾದರೆ ಅದನ್ನು ಬುದ್ಧಿಮತ್ತೆ ಅನ್ನಬಾರದು, ವ್ಯಾಪಾರ ಅನ್ನಬೇಕು.

ಪರರನ್ನು ಗೌರವಿಸಿ ಅಂತ ನಮಗೆ ಹೇಳುವವರಿರಲಿಲ್ಲವೇ? ಅಶೋಕ ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನ ಬಂಡೆಗಳ ಮೇಲೆ ಧರ್ಮ ಬರೆಸಿದ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಂತೂ ನಾಲಿಗೆಗೆ ಹಿಡಿತವಿರಲಿ, ತನ್ನ ಪಂಥವನ್ನು ಹೊಗಳಿಕೊಂಡು ಪರರದನ್ನು ಹಳಿಯಬಾರದು ಎಂಬ ಹನ್ನೆರಡನೆಯ ಶಾಸನವನ್ನೇ ಕೆತ್ತಿಸಿದ. ನಾವೇನು ಮಾಡಿದೆವು? ಆ ಚಪ್ಪಡಿಗೆ ತೂತು ಕೊರೆದು ದೇವಿಯ ಪೀಠ ಮಾಡಿದೆವು. ಗುಡಿಯ ಮಾಡು ಕುಸಿದ ಮೇಲೇ ಅಕ್ಷರ ಕಣ್ಣಿಗೆ ಬಿದ್ದದ್ದು. ಉಪದೇಶಕ್ಕೆ ಕುಂಕುಮ ಹಚ್ಚಿ, ಓದುವ ಕಷ್ಟದಿಂದ ಪಾರಾಗುವ ಈ ಜಾಣತನಕ್ಕೆ ಯಾರಾದರೂ ಅಂಕ ಕೊಡುವುದಾದರೆ ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿಯೇ ಬೇಡ. ಮೆರಿಟ್ಟಿನಲ್ಲೇ ಪಾಸಾಗುತ್ತೇವೆ.